ಖಲೀಲ್ ಸಾಬರು ನೋಡಿದ ಕಪ್ಪು

ಟಿ.ವಿ. ಅಂಗಡಿಯೊಳಗೆ ಕರಿ ಕಂಬಳಿ ಹೊದ್ದು ನಿಲ್ಲುತ್ತಿದ್ದವರು ನಮ್ಮ ಕಡೆ ಖಲೀಲ್ ಸಾಬರೊಬ್ಬರೇ. ಕಡೂರಿನ ಅಂಗಡಿಯವರು ದೊಡ್ಡ ದೊಡ್ಡ ಪರದೆಗಳಲ್ಲಿ ಬಣ್ಣದ ಮೀನು, ಹೂವು ಓಡಿಸುತ್ತಿದ್ದರೆ ಇವರು, “ಅದೆಲ್ಲ ನಿಲ್ಸಿ, ಕಪ್ಪು ತೋರ್ಸಿ” ಎನ್ನುತ್ತಿದ್ದರು. ಪರದೆ ಕಪ್ಪಾದ ಮೇಲೆ ಕಂಬಳಿಯನ್ನು ಟಿ.ವಿ.ಗೂ ತಮ್ಮ ತಲೆಗೂ ಸೇರಿಸಿ ಹೊದ್ದು, ಕೊಳ್ಳಲು ಬಂದವನನ್ನೂ ಒಳಗೆಳೆದುಕೊಳ್ಳುತ್ತಿದ್ದರು. ಹೊರಗಿನವರಿಗೆ ಎರಡು ಜೊತೆ ಕಾಲು ಮಾತ್ರ ಕಾಣುತ್ತಿದ್ದವು.

ಅಜ್ಜಂಪುರದಲ್ಲಿ ಪಿಕ್ಚರ್ ಟ್ಯೂಬಿನ ಕಾಲದಿಂದ ರಿಪೇರಿ ಮಾಡಿಕೊಂಡಿದ್ದವರು. ಟ್ಯೂಬ್ ಹೋಯಿತು, ಒಲೆಯಂತೆ ಕಾಯುತ್ತಿದ್ದ ಪ್ಲಾಸ್ಮಾ ಟಿ.ವಿ. ಬಂದು ಹೋಯಿತು. ಸಾಬರ ಕಣ್ಣಿನ ಮೇಲೆ ಜನರಿಗಿದ್ದ ನಂಬಿಕೆ ಹೋಗಲಿಲ್ಲ. ನಾನು ತರೀಕೆರೆಯವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಗೋಡೆಗೆ ಟಿ.ವಿ. ಕೂರಿಸುವುದು ನನ್ನ ಕೆಲಸ. ನಾನು ಕೂರಿಸಿದ್ದು ಒಂದೂ ಇವತ್ತಿನವರೆಗೆ ಜಾರಿಲ್ಲ. ಕಂಪನಿಯ ಪುಸ್ತಕ ಓದಿದರೂ ತಲೆಗೆ ಹತ್ತದ್ದನ್ನು ಸಾಬರು ಬಸ್ಸಿನಲ್ಲಿ ಕೂತು ತಿಳಿಸಿಬಿಟ್ಟರು.

“ಎಲ್‌ಇಡೀಲಿ ಹಿಂದೆ ದೀಪ ಉರೀತಾನೇ ಇರ್ತದೆ, ಮುಂದೆ ಬಾಗ್ಲು ಮುಚ್ತಾರೆ. ಸಂದೀಲಿ ಬೆಳಕು ಸೋರ್ತದೆ. ಒಎಲ್‌ಇಡೀಲಿ ಚುಕ್ಕಿಗೊಂದು ದೀಪ. ಕಪ್ಪು ಬೇಕಂದ್ರೆ ದೀಪಾನೇ ಆರಿಸ್ತಾರೆ ಕಣೋ.”

ಹಾಗೆಂದು ಎಲ್ಲರಿಗೂ ಒಎಲ್‌ಇಡಿಯನ್ನೇ ಕೊಳ್ಳಿ ಎನ್ನುವವರಲ್ಲ. ಸಖರಾಯಪಟ್ಟಣದ ಒಂದು ಮನೆಯ ಹಜಾರಕ್ಕೆ ಬಿಸಿಲು ನೇರ ಬೀಳುತ್ತಿತ್ತು. ಅಲ್ಲಿಗೆ ಹೆಚ್ಚು ಬೆಳಗುವ ಎಲ್‌ಇಡಿಯೇ ಸಾಕೆಂದರು. ಅಮೃತಾಪುರದಲ್ಲಿ ಯಜಮಾನರು ಹೇಳಿದ ಎತ್ತರಕ್ಕೆ ನಾನು ಗೋಡೆ ಕೊರೆದು ಟಿ.ವಿ. ಕೂರಿಸಿ ಮುಗಿಸಿದ್ದೆ. ಸಾಬರು ಬಂದವರೇ ಅಡುಗೆಮನೆ ಬಾಗಿಲಲ್ಲಿ, ಆ ಮನೆಯ ಅಜ್ಜಿ ಟಿ.ವಿ. ನೋಡುತ್ತ ಹುಣಸೆಹಣ್ಣು ಬಿಡಿಸುತ್ತಿದ್ದ ಜಾಗದಲ್ಲಿ ಕೂತು ನೋಡಿದರು. ಓರೆಯಿಂದ ಮುಖಗಳೆಲ್ಲ ಬಿಳಿಚಿಕೊಂಡು ಕಂಡವು. ಕಪ್ಪು ಕೊಂಚ ಕಡಿಮೆಯಾದರೂ ಪಕ್ಕದಿಂದ ಬಣ್ಣ ಕೆಡದ ಬೇರೆ ಎಲ್‌ಇಡಿಯನ್ನು ಬದಲಿಗೆ ತರಿಸಿದರು. ಅದನ್ನು ಒಂದೂವರೆ ಅಡಿ ಕೆಳಗೆ ಕೂರಿಸು ಎಂದಾಗ ನನಗೆ ರೇಗಿತು. ಹೊಡೆದ ತೂತು ಮುಚ್ಚಿದರೆ ನನ್ನ ಮರ್ಯಾದೆ ಏನಾಗಬೇಕು ಎಂದೆ.

“ನಿನ್ ಮರ್ಯಾದೆಗೆ ಅಜ್ಜಿ ಕತ್ತು ನೋಯಿಸ್ಕೋಬೇಕೇನೋ, ಲೇ ರುದ್ರೇಶ?”

ಮುಚ್ಚಿದೆ. ಹಾಗೆ ಬೈಯುವವರಿಲ್ಲದೆ ಈಗ ಕೆಲಸ ಸಪ್ಪೆಯಾಗಿದೆ.

ನನ್ನ ಮನೆಗೂ ಒಂದು ಒಎಲ್‌ಇಡಿ ಬೇಕೆಂಬುದು ಬಹುದಿನದ ಆಸೆ. ದುಡ್ಡು ಕೂಡಿಸಿಕೊಂಡು, ಸಾಬರನ್ನು ಕರೆದುಕೊಂಡು ಕಡೂರಿಗೆ ಹೋದೆ. ಅಂಗಡಿಯವರು ಒಂದು ಒಎಲ್‌ಇಡಿ, ಒಂದು ಎಲ್‌ಇಡಿ ಪಕ್ಕಪಕ್ಕ ಇಟ್ಟರು. ಒಎಲ್‌ಇಡಿ ನೋಡಿಯಾಯಿತು. ಎಲ್‌ಇಡಿಯ ಮುಂದೆ ಸಾಬರು ನನ್ನನ್ನೂ ಕಂಬಳಿಯೊಳಗೆ ಎಳೆದುಕೊಂಡು ಬಹಳ ಹೊತ್ತು ನಿಂತರು.

“ಎರಡೂ ಒಂದೇ ಕಪ್ಪು ಕಣೋ. ಇದನ್ನೇ ತಗೋ.”

ಎಡಗಡೆಯ ಮೂಲೆಯಲ್ಲಿ ಬೆಳಕು ಸೋರುತ್ತಿತ್ತು. ನನಗೆ ಚೆನ್ನಾಗಿ ಕಾಣುತ್ತಿತ್ತು. ವರ್ಷಗಳಿಂದ ಅವರಿಗಿದ್ದ ಸಕ್ಕರೆ ಕಾಯಿಲೆ ಕಣ್ಣಿಗೂ ಬಂದಿದೆಯೆಂದು ಆಗಲೇ ಹೊಳೆದದ್ದು. ಹೊರಗೆ ಅಂಗಡಿಯವರು ಕಿವಿಗೊಟ್ಟು ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ. ಎಲ್‌ಇಡಿಯನ್ನೇ ತಂದು ಗೋಡೆಗೆ ಕೂರಿಸಿದೆ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಾಬರು ಒಬ್ಬರೇ ನಮ್ಮ ಮನೆಗೆ ಬಂದರು. ಹೊಸಿಲನ್ನು ಕಾಲಿನಿಂದ ಮುಟ್ಟಿ ನೋಡಿ ದಾಟಿದರು. ಪರದೆ ಕಪ್ಪು ಮಾಡಿಸಿ, ಮೂಲೆಯಲ್ಲಿ ಬೆಳಕು ಸೋರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ.

“ಸುಳ್ಳು ಬೇಡ ಕಣೋ, ನನ್ ಕಣ್ಣು ಹೋಗಿರೋದು ಡಾಕ್ಟ್ರು ಹೇಳಿದ್ರು. ಆವತ್ತೂ ನಿಂಗೆ ಕಂಡಿತ್ತು. ಯಾಕೋ ಹೇಳ್ಲಿಲ್ಲ?”

ನಾನು ರಿಮೋಟ್ ಒತ್ತಿ ಪರದೆ ಬಂದ್ ಮಾಡಿದೆ.

“ನನ್ ಮರ್ಯಾದೆ ಉಳಿಸ್ದೆ ಅಂದ್ಕೊಂಡೆ ನೀನು. ಆಮೇಲೂ ಮೂರು ಮನೆಗೆ ನಾನು ಇದೇ ಕಣ್ಣಲ್ಲಿ ನೋಡಿ ಟಿ.ವಿ. ಆರ್ಸಿ ಕೊಟ್ಟೆ ಕಣೋ. ನಂಬ್ಕೊಂಡು ತಗೊಂಡೋದ್ರು.”

ಕಾಫಿ ಕುಡಿದರು. ಇನ್ನು ಯಾರ ಜೊತೆಗೂ ಅಂಗಡಿಗೆ ಹೋಗುವುದಿಲ್ಲ ಎಂದರು, ಹೋಗಲೂ ಇಲ್ಲ. ಮುಂದಿನ ಚಳಿಗಾಲಕ್ಕೆ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿತ್ತು. ಹಾಗಾಗಿ ಅವರನ್ನು ಕಡೆಯದಾಗಿ ನೋಡಿದ್ದು ಆ ದಿನವೇ, ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸು ಹತ್ತಿಸಲು ನಾನೂ ಜೊತೆಗೆ ಹೋಗಿದ್ದೆ. ಬಸ್ಸೊಂದು ಬಂದು ನಿಂತಿತು. ಸಾಬರು ಮುಖವೆತ್ತಿ ಬೋರ್ಡಿನ ಕಡೆ ನೋಡಿದರು, ಮತ್ತೆ ನೋಡಿದರು. ಆಮೇಲೆ ನನ್ನ ತೋಳು ಹಿಡಿದು, “ಯಾವೂರ್ದು, ಓದೋ” ಎಂದರು.

“ಅಜ್ಜಂಪುರದ್ದು ಸಾಬ್ರೇ” ಎಂದೆ.

ಕಂಡಕ್ಟರನ್ನು ಕೇಳಿ ಖಾತ್ರಿ ಮಾಡಿಕೊಳ್ಳದೆ ಹತ್ತಿದರು.