ಎರೆಭೂತದ ತತ್ತಿಗೆ ಹಾಕಿದ ಬೇಲಿ

ಎಪ್ಪತ್ತರ ದಶಕದ ಕೊನೆಯ ಒಂದು ಸೀಗೆ ಹುಣ್ಣಿಮೆಯ ಬೆಳಿಗ್ಗೆ, ಬಿಸಿಲು ಇನ್ನೂ ಏರದ ಹೊತ್ತಿನಲ್ಲಿ, ತೆಕ್ಕಲಕೋಟೆಯ ಪೂರ್ವಕ್ಕಿರುವ ಒಂದು ಜೋಳದ ಹೊಲದ ಬದುವಿನ ಮೇಲೆ ನಾನು ನಿಂತಿದ್ದೆ. ನನ್ನ ಬೆನ್ನಿಗೆ ಜೋಳ, ಎದುರಿಗೆ ಯಾರೂ ಉಳದೆ ಬಿಟ್ಟ ಹುಲ್ಲಿನ ಬೀಳು. ಬೀಳಿನ ನಡುವೆ, ನಾನು ಬಳ್ಳಾರಿಗೆ ಹೋಗುವಾಗ ಇಲ್ಲದಿದ್ದ ಒಂದು ಬೇಲಿ ಇತ್ತು. ಮಂಚದಷ್ಟು ಅಗಲ, ಸೊಂಟದಷ್ಟು ಎತ್ತರ, ಬಳ್ಳಾರಿ ಜಾಲಿಯ ಹಸಿ ಕೊಂಬೆಗಳದ್ದು. ಅದರೊಳಗೆ ಎರೆಭೂತದ ತತ್ತಿ ಇತ್ತು.

ಎರೆಭೂತ ಎಂದರೆ ನಮ್ಮ ಎರೆಭೂಮಿಯ ದೊಡ್ಡ ಹಕ್ಕಿ. ಕತ್ತು ನೀಳ, ಮೈ ಭಾರ. ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಒಂದೇ ಒಂದು ತತ್ತಿ ಇಟ್ಟು, ಸುತ್ತ ನಾಲ್ಕೂ ಕಡೆ ಬಯಲು ಕಾಣುವಂತೆ ಕೂತು ಕಾವು ಕೊಡುತ್ತದೆ. ಆ ಹಕ್ಕಿಯ ಬದುಕನ್ನು ನೋಡಿ ಬರೆದಿಡುವುದು ನನ್ನ ನೌಕರಿಯಾಗಿತ್ತು. ಸಿರುಗುಪ್ಪದಲ್ಲಿ ಒಂದು ಬಾಡಿಗೆ ಕೋಣೆ, ಅಲ್ಲಿಂದ ಸಿಕ್ಕ ಬಸ್ಸು, ಲಾರಿ, ಮಿಕ್ಕದ್ದು ನಡಿಗೆ. ಎರಡು ಮಳೆಗಾಲ ಅಲೆದ ಮೇಲೆ ಕಂಡ ಮೊದಲ ತತ್ತಿ ಇದು.

ಮನುಷ್ಯ ನಡೆದು ಬಂದರೆ ದೂರದಿಂದಲೇ ಸರಿದುಹೋಗುವ ಈ ಹಕ್ಕಿ, ಎತ್ತಿನ ಗಾಡಿಗೆ ಅಷ್ಟಾಗಿ ಹೆದರುವುದಿಲ್ಲ. ಹಾಗಾಗಿ ಆ ಜೋಳದ ಹೊಲದ ರೈತನ ಗಾಡಿಯಲ್ಲಿ ಕಂಬಳಿ ಹೊದ್ದು ಮಲಗಿ ನಾನು ಅದನ್ನು ನೋಡುತ್ತಿದ್ದೆ. ಅವನು ಗಾಡಿ ಹೊಡೆಯುತ್ತ ನಗುತ್ತಿದ್ದ.

“ಮಂದಿ ಭೂತ ಬಿಡಿಸ್ಕೊಳ್ಳಾಕ ಗುಡಿಗೆ ಹೋಗ್ತಾರ. ನೀವು ನೋಡಿದ್ರ ಸಂಬಳ ತಗಂಡು ಭೂತದ ಹಿಂದ ಬಿದ್ದೀರಿ, ಸಾರ್.”

ಕಾಲುವೆ ನೀರು ಬಂದಿದ್ದರಿಂದ ಆ ಸರ್ಕಾರಿ ಬೀಳನ್ನು ಸಮ ಮಾಡಿ ಸಾಗುವಳಿಗೆ ಕೊಡುವುದೆಂದು ಮಾತಾಗಿತ್ತು. ಅದನ್ನು ತಡೆಯುವಂತೆ ಕೇಳಲು ನಾನು ಬಳ್ಳಾರಿಗೆ ಹೋದೆ. ಅಲ್ಲಿನ ಅರಣ್ಯ ಇಲಾಖೆಯ ಕಚೇರಿಯ ಬೆಂಚಿನ ಮೇಲೆ ಇಡೀ ದಿನ ಕೂತ ಮೇಲೆ ಅಧಿಕಾರಿ ಒಳಗೆ ಕರೆದರು.

“ತತ್ತಿ ಐತಿ ಅಂತೀರಿ. ತತ್ತಿ ಕೆಡತಾವ, ಒಡೀತಾವ. ಮರಿ ಆಗ್ಲಿ, ಬರ್ರಿ. ಮರಿ ಇದ್ದ ಜಾಗಕ್ಕ ಕೈ ಹಚ್ಚಬ್ಯಾಡ್ರಿ ಅಂತ ನಾನೇ ಮ್ಯಾಲಿನವರಿಗೆ ಬರೀತೀನಿ.”

ಅಷ್ಟೇ ಸಾಕೆನಿಸಿತು. ಮರಿಯಾಗಲು ಇನ್ನು ಕೆಲವೇ ದಿನ ಉಳಿದಿತ್ತು. ತಿರುಗಿ ಬರುವಾಗ ಕುರುಗೋಡಿನಲ್ಲಿ ಬಸ್ಸು ಕೆಟ್ಟಿತು. ಬೇರೆ ಬಸ್ಸಿಲ್ಲದೆ ಅಲ್ಲೇ ಉಳಿದು, ಹಬ್ಬದ ಬೆಳಿಗ್ಗೆ ಒಂದು ಲಾರಿ ಹತ್ತಿ ಹೊಲಕ್ಕೆ ಬಂದೆ. ಬಂದಾಗ ಕಂಡದ್ದು ಈ ಬೇಲಿ.

ತಾಯಿ ಹಕ್ಕಿ ಬೇಲಿಯ ಸುತ್ತ ನಡೆಯುತ್ತಿತ್ತು. ಒಂದು ಸುತ್ತು ಬಂದು ನಿಲ್ಲುವುದು, ಕತ್ತು ಚಾಚಿ ಒಳಗೆ ನೋಡುವುದು, ಮತ್ತೆ ನಡೆಯುವುದು. ನಾನು ಹೆಜ್ಜೆ ಎತ್ತಿದರೆ ಅದು ಹೋಗಿಬಿಡುತ್ತಿತ್ತು. ಗಾಡಿ ಬರುವವರೆಗೆ ಕಾಯದೆ ಬೇರೆ ದಾರಿ ಇರಲಿಲ್ಲ.

ಗಾಡಿ ಬಂತು. ಅದರಲ್ಲಿ ರೈತ, ಅವನ ಹೆಂಡತಿ, ಹಬ್ಬಕ್ಕೆ ಬಂದ ಬೀಗರು, ಬುಟ್ಟಿ ತುಂಬ ಅಡುಗೆ. ಸೀಗೆ ಹುಣ್ಣಿಮೆಗೆ ನಮ್ಮ ಕಡೆ ಹೊಲದಲ್ಲಿ ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ, ಕೂಗುತ್ತ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಅಷ್ಟು ಮಂದಿಯ ಗದ್ದಲಕ್ಕೆ ಹಕ್ಕಿ ಓಡಿ, ರೆಕ್ಕೆ ಬಡಿದು, ಬೀಳಿನ ಆಚೆ ತುದಿಯಲ್ಲಿ ಇಳಿಯಿತು.

“ಬೇಲಿ ಯಾರು ಹಾಕಿದ್ದು?” ಎಂದೆ.

“ನಾನೇ ಹಾಕೀನಿ ಸಾರ್,” ಎಂದ ರೈತ, ಹೆಮ್ಮೆಯಿಂದ. “ಹಬ್ಬಕ್ಕ ಬೀಗರು ಬರ್ತಾರ, ಬೀಗರ ಹಿಂದ ನಾಯಿ ಬರ್ತಾವ. ನೀವು ನೋಡಿದ್ರ ಊರಾಗ ಇಲ್ಲ. ತತ್ತಿ ನಾಯಿ ಬಾಯಿಗೆ ಹೋದ್ರ ನಿಮಗೇನಂತ ಹೇಳ್ಲಿ?”

“ಹಕ್ಕಿ ಒಳಗ ಹೆಂಗ ಹೋಗ್ಬೇಕು?”

“ಹಕ್ಕಿ ಅಲ್ಲೇನ್ರೀ ಅದು? ಹಾರಿ ಇಳೀತೈತಿ.”

ಓಡಿ ರೆಕ್ಕೆ ಬಿಚ್ಚುವ ಆ ಭಾರದ ಹಕ್ಕಿ ಅಷ್ಟು ಇಕ್ಕಟ್ಟಿನಲ್ಲಿ ಇಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕಣಕ್ಕೆ, ಬಣವೆಗೆ, ಹೊಸದಾಗಿ ನೆಟ್ಟ ಸಸಿಗೆ, ಕಾಪಾಡಬೇಕಾದ ಎಲ್ಲಕ್ಕೂ ಅವರು ಜಾಲಿ ಮುಳ್ಳು ಹಾಕುತ್ತಾರೆ. ಅವನ ಕೈ ತುಂಬ ಮುಳ್ಳು ಗೀರಿದ ಗಾಯಗಳಿದ್ದವು. ಬೈಯಲು ನನಗೆ ಬಾಯಿ ಬರಲಿಲ್ಲ. ನಡೆದುಹೋದರೆ ಹಕ್ಕಿ ಬೀಳನ್ನೇ ಬಿಟ್ಟು ಹೋದೀತೆಂದು, ಈಗಲೇ ಗಾಡಿ ಹೂಡು, ಬೇಲಿ ತೆಗೆಯೋಣ ಎಂದೆ. ಅವನು ಹೆಂಡತಿಯ ಮುಖ ನೋಡಿದ.

“ಹೊಲಕ್ಕ ಬಂದು ಬಿಚ್ಚಿದ ಮ್ಯಾಲ ಪೂಜಿ ಆಗಾತನಕ ಎತ್ತು ಹೂಡಂಗಿಲ್ಲ ಅಣ್ಣ,” ಎಂದಳು ಆಕೆ. “ಕುಂದರು, ಒಂದು ಹೋಳಿಗಿ ತಿನ್ನು. ಮಾರಿ ನೋಡು, ನೀನೇ ತತ್ತಿ ಇಟ್ಟಂಗ ಮಾಡೀದಿ.”

ಬೀಗರು ಗೊಳ್ಳೆಂದು ನಕ್ಕರು. ಬನ್ನಿ ಗಿಡದ ಕೆಳಗೆ ಸುಣ್ಣ ಬಳಿದ ಕಲ್ಲುಗಳಿಗೆ ಪೂಜೆ ಶುರುವಾಯಿತು. ನಾನು ಕೂರಲಿಲ್ಲ. ಹಕ್ಕಿ ಆಚೆ ತುದಿಯಲ್ಲಿ ಹಾಗೇ ನಿಂತಿತ್ತು, ಮುಖ ಈ ಕಡೆಗೇ ಇತ್ತು.

ಪೂಜೆ ಮುಗಿದು ಎಲ್ಲರೂ ಕೂಗುತ್ತ ಹೊಲಕ್ಕೆ ನುಗ್ಗಿದರು. ರೈತ ಎತ್ತುಗಳನ್ನು ಬಿಚ್ಚಿ ತರಲು ಹೋದ. ಆಗ ಅವನ ಹೆಂಡತಿ ಚರಗದ ಬುಟ್ಟಿ ಹೊತ್ತು ಬದು ದಾಟಿ ಬೀಳಿಗೆ ಇಳಿದಳು. ಬ್ಯಾಡಕ್ಕ, ಬ್ಯಾಡ ಎಂದು ನಾನು ಕೂಗಿದೆ. ಹೊಲವೆಲ್ಲ ಕೂಗುತ್ತಿತ್ತು, ನನ್ನದು ಅದರಲ್ಲಿ ಸೇರಿಹೋಯಿತು. ಆಕೆ ಬೇಲಿಯ ಬಳಿ ನಿಂತು ಒಳಕ್ಕೂ ಹೊರಕ್ಕೂ ಎರಡೆರಡು ಹಿಡಿ ಚೆಲ್ಲಿ ಬಂದಳು.

“ನಿನ್ನ ಭೂತ ಬಾಣಂತಿ ಆಗೋ ಹೊತ್ತು, ಉಪವಾಸ ಇರಬಾರ್ದು,” ಎಂದಳು.

ಚರಗದ ದಿನ ಕಾಗೆಗಳಿಗೆ ಯಾರೂ ಹೇಳಿ ಕಳಿಸಬೇಕಿಲ್ಲ. ಹೊಲಕ್ಕೆ ಬಂದಿದ್ದವುಗಳಲ್ಲಿ ಕೆಲವು ಬೇಲಿಯ ಮೇಲೆ ಕೂತವು. ಒಂದು ಒಳಗೆ ಇಳಿಯಿತು. ನಾನು ಓಡಿದೆ. ಎತ್ತುಗಳನ್ನು ಅಲ್ಲೇ ಬಿಟ್ಟು ರೈತನೂ, ಬುಟ್ಟಿ ಹಿಡಿದೇ ಅವನ ಹೆಂಡತಿಯೂ ಓಡಿದರು. ತಾಯಿ ಹಕ್ಕಿ ಕೂಡ ಕತ್ತು ಮುಂದೆ ಚಾಚಿ ನಮ್ಮೆದುರಿಗೇ ಓಡಿ ಬಂತು. ನಮ್ಮನ್ನು ಕಂಡೂ ನಿಲ್ಲದೆ ಬೇಲಿಯವರೆಗೆ ಬಂದು, ಮುಳ್ಳಿಗೆ ಎದೆ ತಾಗಿದ ಮೇಲೆ ನಿಂತಿತು. ಆ ಹಕ್ಕಿಯನ್ನು ಅಷ್ಟು ಹತ್ತಿರದಿಂದ ನಾನು ಹಿಂದೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನಾವು ಬರಿಗೈಯಲ್ಲಿ ಮುಳ್ಳು ಎಳೆದು ಹಾಕುವಷ್ಟರಲ್ಲಿ ತತ್ತಿ ಒಡೆದಿತ್ತು. ಒಳಗಿನ ಮರಿಗೆ ಕಣ್ಣು, ಕೊಕ್ಕು, ಒದ್ದೆ ತುಪ್ಪುಳ ಎಲ್ಲ ಬಂದಿದ್ದವು. ಸ್ವಲ್ಪ ಹೊತ್ತು ಅದರ ಕಾಲು ಆಡಿತು.

“ನಾಯಿ ಅಂತ ಹಾಕಿದ್ನಲ್ಲ ಸಾರ್. ಕಾಗಿ ನೆಪ್ಪಾಗ್ಲಿಲ್ಲ,” ಎಂದ ರೈತ. ಅವನ ಹೆಂಡತಿ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅಲ್ಲೇ ಕೂತಳು.

ಮರಿಯನ್ನು ಸ್ಪಿರಿಟ್ ತುಂಬಿದ ಸೀಸೆಯಲ್ಲಿಟ್ಟುಕೊಂಡು ಮತ್ತೆ ಬಳ್ಳಾರಿಗೆ ಹೋದೆ. ಅಧಿಕಾರಿ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರೇನಲ್ಲ.

“ಮರಿ ಖರೆ. ಆದ್ರ ಈಗ ಅಲ್ಲಿ ಏನೂ ಇಲ್ಲಲ್ರೀ. ನಾನು ಏನಂತ ಬರೀಲಿ?” ಎಂದರು.

ಮುಂದಿನ ಬೇಸಿಗೆಯಲ್ಲಿ ಬೀಳನ್ನು ಸಮ ಮಾಡಿದರು. ಈಗ ಅಲ್ಲಿ ಭತ್ತದ ಗದ್ದೆ ಇದೆ.

ಬೇಲಿಗೆ ಎದೆಯೊಡ್ಡಿ ನಿಂತ ಆ ಹಕ್ಕಿಯನ್ನು ಹತ್ತಿರದಿಂದ ನೋಡಿದವರು ನಾವು ಮೂವರು. ರೈತ ತೀರಿಕೊಂಡಿದ್ದಾನೆ. ಬೀಗರು ದೂರವಿದ್ದರು, ಅವರಿಗೆ ಕಾಗೆಗಳಷ್ಟೇ ಕಂಡವು. ನಾನಿದ್ದೇನೆ. ರೈತನ ಹೆಂಡತಿ ತೆಕ್ಕಲಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಸೀಗೆ ಹುಣ್ಣಿಮೆಗೆ ಆಕೆ ಈಗಲೂ ಅಡುಗೆ ಮಾಡುತ್ತಾಳೆ, ಚರಗದ ಬುಟ್ಟಿಯನ್ನು ಮಾತ್ರ ಆ ಹಬ್ಬದಿಂದೀಚೆ ಮುಟ್ಟಿಲ್ಲ, ಅದನ್ನು ಮಗಳೇ ಹೊರಬೇಕು.