ತಂಗಿ ಕೊಟ್ಟ ಮಜ್ಜೆ

ಮೊನ್ನೆ ಹಿಂದೂಪುರದ ಮೆಡಿಕಲ್ ಶಾಪಿನಲ್ಲಿ ಯಾವುದೋ ಔಷಧಿ ಬಾಟಲಿ ಬಿದ್ದು ಒಡೆಯಿತು. ಕಮಟು ಎಣ್ಣೆಯ ವಾಸನೆ... ಬಂದ ಕೆಲಸ ಮರೆತು ನಿಂತುಬಿಟ್ಟೆ. ತೊಂಬತ್ತರ ದಶಕದಲ್ಲಿ ಪಕ್ಕದ ಮನೆಯ ಅಣ್ಣ ಇಂಥದೇ ಔಷಧಿಯನ್ನು ಹಾಲಿಗೆ ಬೆರೆಸಿ, ಮೂಗು ಹಿಡಿದುಕೊಂಡು ಕುಡಿಯುತ್ತಿದ್ದರು.

ಅಣ್ಣ ರೇಷ್ಮೆ ಸೀರೆ ನೇಯುವವರು. ಎರಡೂ ಕಿಡ್ನಿ ಕೆಟ್ಟು, ಮುಖ ಕಾಲು ಊದಿ, ಮಗ್ಗದಲ್ಲಿ ಕೂರಲೂ ಆಗದಂತಾಗಿದ್ದರು. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ತಂಗಿ ತನ್ನದೊಂದು ಕಿಡ್ನಿ ಕೊಡುತ್ತೇನೆಂದಳು. "ಮದ್ವೆ ಆದ್ಮೇಲೆ ಅವ್ಳು ನಮ್ಮನೆಯೋಳು. ನಿಮ್ಗೆ ಹೊರಗಿನೋಳು ಕಣಪ್ಪ" ಎಂದು ಅವಳ ಅತ್ತೆ ಕೂಗಾಡಿದರು. ಅವಳು ಯಾರ ಮಾತೂ ಕೇಳದೆ ಬಸ್ಸು ಹತ್ತಿ ಬಂದೇಬಿಟ್ಟಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಕಿಡ್ನಿ ಜೋಡಿಸಿದ್ದರ ಜೊತೆಗೆ ಅವಳ ಸೊಂಟದ ಮೂಳೆಯೊಳಗಿನ ಮಜ್ಜೆಯನ್ನೂ ತೆಗೆದು ಅಣ್ಣನ ರಕ್ತಕ್ಕೆ ಏರಿಸಿದರು. ಆಗ ಅದು ಹೊಸ ಪ್ರಯತ್ನ. ಹೊರಗಿನದು ಏನೇ ಬಂದರೂ ಮೈಯ ಕಾವಲು ಕಣಗಳು ಮೇಲೆ ಬೀಳುತ್ತವಂತೆ. ಕೊಟ್ಟವರ ಮಜ್ಜೆಯೂ ಒಳಗಿದ್ದರೆ ಅವಕ್ಕೆ ಪರಿಚಯವಾಗಿ, ಕಿಡ್ನಿಯನ್ನು ತಮ್ಮದೇ ಎಂದು ಒಪ್ಪಬಹುದಂತೆ. ಆದರೆ ಅದು ಖಾತ್ರಿಯಿಲ್ಲ, ಆ ಕಣಗಳನ್ನು ತಡೆಯುವ ಔಷಧಿ ಮಾತ್ರ ಬಿಡಲೇಬೇಡಿ ಎಂದಿದ್ದರು ಡಾಕ್ಟರು. ಜೊತೆಗೆ ಹೋಗಿದ್ದ ನಾನು ಕಿವಿಯಾರೆ ಕೇಳಿದ್ದೇನೆ.

ಅಣ್ಣನ ತಲೆಯಲ್ಲಿ ಉಳಿದದ್ದು ಮೊದಲರ್ಧ ಮಾತ್ರ. ಚೇತರಿಸಿಕೊಂಡು ಮತ್ತೆ ಮಗ್ಗಕ್ಕೆ ಕೂತರು. ಕೆಲವು ತಿಂಗಳಾದ ಮೇಲೆ ಹಾಲಿನ ಲೋಟ ಕಾಣಲಿಲ್ಲ. ಯಾಕಣ್ಣ ಎಂದೆ.

"ನಿಲ್ಲಿಸ್ಬುಟ್ಟೆ ಕಣಮ್ಮ. ಹೊರಗಿನೋರ್ದನ್ನ ಮೈ ಒದ್ದು ಓಡಿಸ್ದೇ ಇರ್ಲಿ ಅಂತ ತಾನೇ ಆ ಔಷ್ದಿ? ನಾ ಚೆಲ್ಲೆಲು, ನನ್ನ ತಂಗಿ, ಒಡಹುಟ್ಟಿದೋಳು, ಹೊರಗಿನೋಳಾ? ದಿನಾ ಅದ್ನ ಕುಡಿದ್ರೆ ಅವ್ಳ ಅತ್ತೆ ಮಾತು ಒಪ್ಕೊಂಡಂಗೇ."

ಎಂಥ ಮೊಂಡು ಮನುಷ್ಯ! ಬೈದೆ, ಗೋಗರೆದೆ. ನಕ್ಕು ಲಾಳಿ ಹಿಡಿದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮತ್ತೆ ಮೈ ಊದತೊಡಗಿದಾಗ, ತಂಗಿಗೆ ಗೊತ್ತಾದರೆ ನೊಂದುಕೊಂಡಾಳೆಂದು ಯಾರಿಗೂ ಹೇಳದೆ ಮುಚ್ಚಿಟ್ಟರು. ಉಸಿರು ಕಟ್ಟತೊಡಗಿದ ಮೇಲೆ ಕಾರು ಮಾಡಿಕೊಂಡು ಬೆಂಗಳೂರಿಗೆ ಹೊರಟೆವು. ದಾರಿಯಲ್ಲಿ ಕೊಡಿಕೊಂಡ ಎಂಬ ಊರು ದಾಟಿದ್ದೆವು, ಅಷ್ಟೇ...

ತಂಗಿ ಇದ್ದಾಳೆ. ಕಲ್ಯಾಣದುರ್ಗಕ್ಕೆ ಹೋದಾಗ ನೋಡಿಕೊಂಡು ಬರುತ್ತೇನೆ. "ನಂದು ಅಣ್ಣನ ಮೈಗೆ ಒಗ್ಗಲೇ ಇಲ್ಲ ಕಣಕ್ಕ" ಎಂದು ಈಗಲೂ ಅಳುತ್ತಾಳೆ. ಒಗ್ಗಿತ್ತು ಕಣೇ, ಔಷಧಿ ಬಿಟ್ಟದ್ದು ಅವರೇ ಎಂದು ಎಷ್ಟು ಸಲ ಹೇಳಿದ್ದೇನೋ. "ಸಮಾಧಾನಕ್ಕೆ ಹೇಳ್ತೀಯ, ಬಿಡಕ್ಕ" ಎನ್ನುತ್ತಾಳೆ.

ಅವಳು ನಂಬುವ ಹಾಗೆ ಹೇಳಬಲ್ಲವರು ಅಣ್ಣ ಒಬ್ಬರೇ. ಅವರಿಲ್ಲ.