ಪರ್ಸಿ ಕಲ್ಲಿನ ಮೂರು ಮೆಟ್ಟಿಲು

ಪುಣೆಯ ರೈಡಿಂಗ್ ಶಾಲೆಯಲ್ಲಿ ಮೊದಲ ದಿನ ಕುದುರೆಯ ಪಕ್ಕಕ್ಕೆ ಮೂರು ಮೆಟ್ಟಿಲಿನ ಕಟ್ಟಿಗೆಯ ಸ್ಟೂಲ್ ತಂದಿಟ್ಟು 'ಹತ್ತು' ಎಂದಾಗ ನಾನು ಕದಲಲಿಲ್ಲ. ನಮ್ಮ ಚಿತ್ತಾಪುರದಲ್ಲಿ ಸ್ಟೂಲ್ ಇಟ್ಟು ಕುದುರೆ ಹತ್ತಿಸುವುದು ಮದುಮಗನನ್ನು ಮಾತ್ರ. ಇಲ್ಲಿ ಬ್ಯಾಂಡಿಲ್ಲ, ಬಾಜಾ ಇಲ್ಲ, ನಾನೋ ಹೆಣ್ಣುಮಗಳು. ನನಗೆ ನಗು ಬಂತು. ಕಲಿಸುವ ಸರ್ ಫೌಜಿನಿಂದ ನಿವೃತ್ತರಾದವರು, ಅವರು ನಗಲಿಲ್ಲ. ನೆಲದಿಂದ ಜಗ್ಗಿ ಹತ್ತಿದರೆ ಕುದುರೆಯ ಬೆನ್ನಿಗೆ ನೋವಾಗುತ್ತದೆ ಎಂದು ಹೇಳಿ ಮತ್ತೆ ಸ್ಟೂಲ್ ತೋರಿಸಿದರು.

ಕುದುರೆಯ ಹುಚ್ಚು ಹಿಡಿಸಿದವರು ನಮ್ಮ ಓಣಿಯ ಮಹಬೂಬ್ ಚಾಚಾ. ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದರು. ಸಂಜೆ ಟಾಂಗಾ ಬಿಚ್ಚಿದ ಮೇಲೆ ಮೋತಿ ಎಂಬ ಹೆಣ್ಣುಕುದುರೆಯ ಬೆನ್ನ ಮೇಲೆ ನನ್ನನ್ನು ಎತ್ತಿ ಕೂರಿಸುತ್ತಿದ್ದರು. ಹಿಡಿಯಲು ಅದರ ಜೂಲೇ ಗತಿ. ತೊಂಬತ್ತರ ದಶಕದ ಕೊನೆಗೆ ಬಿ.ಎಡ್. ಮಾಡಲೆಂದು ಪುಣೆಗೆ ಬಂದ ನಾನು ಆ ಶಾಲೆ ಕಂಡದ್ದೇ ತಡ, ಬಿ.ಎಡ್.ಗೆ ಎಳ್ಳುನೀರು ಬಿಟ್ಟೆ. ಅಪ್ಪ ಹೈಸ್ಕೂಲ್ ಮಾಸ್ತರರು. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಫೋನ್ ಮಾಡಿದರು. "ಮಕ್ಕಳಿಗಿ ಕಲಸು, ಕುದರಿಗಿ ಕಲಸು, ಮಾಸ್ತರಕಿ ಮಾಸ್ತರಕೀನೇ. ಆದ್ರ ಅರ್ಧಮರ್ಧ ಕಲ್ತು ಕಲಸಬ್ಯಾಡ."

ಕಲಿಸುವ ಅರ್ಹತೆಗೆ ಅಲ್ಲಿ ಎರಡು ದಾರಿ ಇದ್ದವು. ಸಣ್ಣದರಲ್ಲಿ ಕೆಲವು ತಿಂಗಳು ಕಲಿತರೆ ಹೊಸ ಮಕ್ಕಳಿಗೆ ಕಲಿಸಬಹುದು. ದೊಡ್ಡದರಲ್ಲಿ ಒಂದರ ಮೇಲೊಂದು ಪರೀಕ್ಷೆ, ನಡುವೆ ವರ್ಷಗಟ್ಟಲೆ ಅದೇ ಶಾಲೆಯಲ್ಲಿ ದೊಡ್ಡವರ ಕೈಕೆಳಗೆ ದುಡಿತ.

ಆ ದೀಪಾವಳಿಗೆ ಊರಿಗೆ ಹೋದಾಗ ಚಾಚಾರಿಗೆ ಎಲ್ಲ ಹೇಳಿದೆ, ಸ್ಟೂಲಿನ ಕಥೆಯನ್ನೂ. ಬಿದ್ದುಬಿದ್ದು ನಕ್ಕರು. ಅವರ ಮನೆಯ ಹಿಂದಿನ ಬಯಲಿನಲ್ಲಿ, ಮೋತಿಯ ಮೇಲೆ ಊರ ಮಕ್ಕಳಿಗೆ ಕಲಿಸಬೇಕೆಂಬುದು ನಮ್ಮಿಬ್ಬರ ಆಸೆ. ಆಟೋಗಳು ಬಂದು ಟಾಂಗಾಕ್ಕೆ ಗಿರಾಕಿ ಕಡಿಮೆಯಾಗಿದ್ದರು.

"ಸಣ್ಣದೇ ಕಲ್ತು ಬಂದುಬಿಡು ಬೇಟಿ," ಎಂದರು. "ನಮ್ಮೂರ ಹುಡುಗೂರಿಗಿ ಅಷ್ಟು ಸಾಕು. ಮೋತಿಗೂ ವಯಸ್ಸಾಗಲಿಕತ್ತದ."

"ಕಲ್ತರ ಪೂರಾ ಕಲೀಬೇಕಲ್ರಿ, ಚಾಚಾ," ಎಂದೆ. ಮಾಸ್ತರ ಮನೆಯ ಚಾಳಿ. ಎರಡು ಪದವಿ ಕಂಡರೆ ದೊಡ್ಡದಕ್ಕೇ ಕೈ ಹಾಕುತ್ತೇವೆ, ಅದು ಯಾತಕ್ಕೆ ಬೇಕೆಂದು ಕೇಳಿಕೊಳ್ಳುವುದಿಲ್ಲ.

ಪುಣೆ ನನ್ನನ್ನು ನಿಧಾನವಾಗಿ ಒಳಗೆ ಬಿಟ್ಟುಕೊಂಡಿತು. ಬಾಡಿಗೆ ಕೋಣೆಯ ಮಾಲಕಿ ಕೊಡುತ್ತಿದ್ದ ಭಾಕರಿ ನಮ್ಮ ಜೋಳದ ರೊಟ್ಟಿಯೇ, ಆದರೆ ದಪ್ಪ. ನಮ್ಮ ತೆಳ್ಳನೆಯ ರೊಟ್ಟಿ ಮುರಿಯುವಾಗಿನ ಸಪ್ಪಳ ಅದಕ್ಕಿರಲಿಲ್ಲ. ಅದನ್ನು ನೆನೆದು ಎಷ್ಟೋ ಸಂಜೆ ಅತ್ತಿದ್ದೇನೆ. ಮೈದಾನದಲ್ಲಿ 'ಟಾಚ್ ಖಾಲಿ' ಎಂದು, ಅಂದರೆ ಹಿಮ್ಮಡಿ ಕೆಳಗೆ ಎಂದು, ಮರಾಠಿಯಲ್ಲಿ ಕೂಗಲು ಕಲಿತೆ. ಅಂಜುಬುರುಕಿ ಹುಡುಗಿಯೊಬ್ಬಳು ನನ್ನ ಮಾತು ಕೇಳಿ ಮೊದಲ ಸಲ ಕುದುರೆ ಓಡಿಸಿದ ದಿನ ಇಡೀ ಪೇಟೆಗೆ ಸಕ್ಕರೆ ಹಂಚಬೇಕೆನಿಸಿತ್ತು. ಹಂಚಲು ಗುರುತಿನವರು ಯಾರೂ ಇರಲಿಲ್ಲ. ಒಂದು ಪರೀಕ್ಷೆ ಮುಗಿದರೆ ಇನ್ನೊಂದು, ರಜೆ ಕೇಳಿದರೆ ಶಾಲೆಯ ಕೆಲಸ. ಊರಿಗೆ ಹೋಗುವುದು ಕಡಿಮೆಯಾಯಿತು, ಹೋದರೂ ಬ್ಯಾಗು ಬಿಚ್ಚುವಷ್ಟರಲ್ಲಿ ವಾಡಿ ಜಂಕ್ಷನ್ನಿನಿಂದ ವಾಪಸು ರೈಲು. ಚಾಚಾರನ್ನು ಓಣಿಯಲ್ಲೇ ನಿಂತು ಮಾತಾಡಿಸಿ ಬರುತ್ತಿದ್ದೆ.

ಪೂರ್ಣ ಶಿಕ್ಷಕಿಯಾಗುವ ಹೊತ್ತಿಗೆ ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಮೋತಿ ಸತ್ತ ಸುದ್ದಿಯನ್ನು ಅದಕ್ಕೆ ಮೊದಲೇ ಅಪ್ಪ ಫೋನಿನಲ್ಲಿ ಹೇಳಿದ್ದರು.

ಪೇಢೆ ಹಿಡಿದುಕೊಂಡು ಚಾಚಾರ ಮನೆಗೆ ಹೋದೆ. ಸರ್ಟಿಫಿಕೇಟಿನ ಮೇಲೆ ಕೈಯಾಡಿಸಿ, "ಮಾಶಾಅಲ್ಲಾ, ಭಾಳ ಚಲೋ ಆತು," ಎಂದರು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಹಿತ್ತಲಿಗೆ ಕರೆದೊಯ್ದರು. ಮೋತಿಯ ಖಾಲಿ ತಬೇಲೆಯ ಮುಂದೆ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಮೂರು ಮೆಟ್ಟಿಲು, ಅಂಚು ಸವೆಯದೆ ನಿಂತಿದ್ದವು.

"ಇದು ಯಾವಾಗ ಮಾಡ್ಸಿದ್ರಿ, ಚಾಚಾ?"

"ನೀ ಸ್ಟೂಲಿನ ಕಥಿ ಹೇಳಿ ಹೋದಿ ನೋಡು, ಆವಾಗೇ. ಕಟ್ಟಿಗಿ ಆದ್ರ ಹುಳ ಹಿಡೀತದ. ನೀ ಬರೋತನಕ ಉಳೀಬೇಕಲ್ಲ? ಭಂಕೂರದ ಖಣಿಯಿಂದ ಪರ್ಸಿ ತರಿಸಿದೆ."

ಹತ್ತಿ ನೋಡು ಎಂದರು, ಹತ್ತಿದೆ. ಪುಣೆಯಲ್ಲಿ ಲಾಯದ ತುಂಬ ಕುದುರೆಗಳಿವೆ, ಒಂದೂ ನನ್ನದಲ್ಲ. ಈ ಮೆಟ್ಟಿಲು ನನಗೆಂದೇ ಕಟ್ಟಿಸಿದ್ದು. ಮೂರನೆಯದರ ಮೇಲೆ ನಿಂತಾಗ ಕುದುರೆ ಹತ್ತುವ ರೂಢಿಯಂತೆ ಎಡಗಾಲು ತಾನಾಗಿಯೇ ಮೇಲೆದ್ದಿತು. ಚಾಚಾ ಅದನ್ನು ಕಂಡು ಮುಖ ತಿರುಗಿಸಿದರು. ನಾನು ಕಾಲು ಇಳಿಸಿದೆ.